ಓಟ ನನ್ನದು, ನಂಬಿಕೆ ದಾನಿಗಳದು: ಕೇಳದೆ ಸೇರಿಸಿದ ‘ಟಿಪ್’ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ನನ್ನ ದೇಣಿಗೆ ಪುಟದಲ್ಲಿ ದಾನಿಗಳಿಗೆ ತಿಳಿಯದಂತೆ ಹೆಚ್ಚುವರಿ ಹಣ ಕಡಿತವಾಗಿರುವುದು

ಮಾನ್ಯರೇ,

ಕಳೆದ ತಿಂಗಳು ನಾನು ಮೊದಲ ಸಲ ಪೂರ್ತಿ ಮ್ಯಾರಥಾನ್ ಓಡಿದೆ. 42.195 ಕಿಲೋಮೀಟರ್. ಕ್ಯಾನ್ಸರ್ ಚಿಕಿತ್ಸೆಗೆ ಬರುವ ಮಕ್ಕಳ ಅಪ್ಪ ಅಮ್ಮ ಉಳಿದುಕೊಳ್ಳಲು ಮನೆ ನಡೆಸುವ ಒಂದು ಸಂಸ್ಥೆಗಾಗಿ ಹಣ ಕೂಡಿಸಬೇಕಿತ್ತು. ಅದಕ್ಕೆ ದೇಣಿಗೆ ಸಂಗ್ರಹಿಸುವ ನಿಮ್ಮ ಜಾಲತಾಣದಲ್ಲಿ ಪುಟ ತೆರೆದೆ. 63 ಜನ ಹಣ ಹಾಕಿದರು.

ಓಟದ ಹಿಂದಿನ ರಾತ್ರಿ ಉದ್ದನೆಯ ಚೀಟಿಯಲ್ಲಿ 1ರಿಂದ 42ರವರೆಗೆ ಬರೆದು, ಒಂದೊಂದು ಕಿಲೋಮೀಟರಿನ ಮುಂದೆ ಒಬ್ಬಿಬ್ಬರು ದಾನಿಗಳ ಹೆಸರು ಹಾಕಿದ್ದೆ. ಅದನ್ನು ಮಣಿಕಟ್ಟಿಗೆ ಸುತ್ತಿ, ಟೇಪ್ ಅಂಟಿಸಿಕೊಂಡು ಓಡಿದೆ. 36ನೇ ಕಿಲೋಮೀಟರಿನಲ್ಲಿ ಮೀನಖಂಡ ಹಿಡಿದುಕೊಂಡಿತು. ಬೆವರಿಗೆ ಶಾಯಿ ಹರಡಿತ್ತು, ಆದರೂ ಹೆಸರು ಓದಲು ಬರುತ್ತಿತ್ತು. ನನ್ನ ಗೆಳತಿಯ ತಾಯಿಯದು. ಪಿಂಚಣಿಯಲ್ಲಿ ಜೀವನ ಮಾಡುವವರು. ಇವರಿಗೋಸ್ಕರ ಇದೊಂದನ್ನು ಮುಗಿಸೋಣ ಅಂತ ಕುಂಟುತ್ತಲೇ ಮುಗಿಸಿದೆ.

ಮೂರು ದಿನ ಬಿಟ್ಟು ಅದೇ ಅಮ್ಮ ಫೋನ್ ಮಾಡಿದರು. “ಏನಮ್ಮಾ, ನಾನು ಸಾವಿರ ತಾನೇ ಹಾಕಿದ್ದು? ಖಾತೆಯಿಂದ 1,150 ಹೋಗಿದೆಯಲ್ಲ?”

ರಸೀದಿ ಕಳಿಸಿ ಅಂದೆ. ಕೊನೆಯಲ್ಲಿ ತೆಳು ಬೂದು ಅಕ್ಷರದಲ್ಲಿ ‘ತಾಣಕ್ಕೆ ಬೆಂಬಲ: 150’ ಅಂತಿತ್ತು. ಅದು ಮಕ್ಕಳಿಗೆ ಹೋದ ಹಣ ಅಲ್ಲ. ನಿಮಗೆ ಬಂದ ಟಿಪ್.

ನಾನೇ ನನ್ನ ಪುಟಕ್ಕೆ ಹೋಗಿ ದಾನ ಮಾಡಿ ನೋಡಿದೆ. ಮೊತ್ತ ಹಾಕಿದ ಕೂಡಲೇ ಟಿಪ್ ತಾನಾಗಿ ಶೇಕಡಾ 15ಕ್ಕೆ ಬಂದು ಕೂರುತ್ತದೆ. ಅದನ್ನು ಕಡಿಮೆ ಮಾಡಲು ಪರದೆಯ ಗುಂಡಿಯನ್ನು ಎಡಕ್ಕೆ ಎಷ್ಟೇ ಎಳೆದರೂ 10ರಲ್ಲಿ ನಿಂತುಬಿಡುತ್ತದೆ. ಪೂರ್ತಿ ತೆಗೆಯಬೇಕಾದರೆ ‘ಬೇರೆ ಮೊತ್ತ’ ಒತ್ತಬೇಕು, ಸೊನ್ನೆ ಟೈಪ್ ಮಾಡಬೇಕು, ಆಮೇಲೆ ‘ನಿಜವಾಗಿಯೂ ಬೇಡವೇ?’ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು. ಕನ್ನಡಕ ಹಾಕಿಕೊಂಡು ಸಣ್ಣ ಫೋನಿನಲ್ಲಿ ಹಣ ಕಳಿಸುವ 70 ದಾಟಿದವರಿಗೆ ಇದು ಕಾಣಿಸುತ್ತದೆಯೇ? ನನಗೇ ಎರಡನೇ ಸಲ ಮಾಡಿದಾಗ ಗೊತ್ತಾಯಿತು.

ಆಮೇಲೆ 40 ದಾನಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳಿದೆ. 31 ಜನಕ್ಕೆ ಟಿಪ್ ಕೊಟ್ಟಿದ್ದೇ ಗೊತ್ತಿರಲಿಲ್ಲ. ಕೆಲವರು ಅದೂ ಸಂಸ್ಥೆಗೇ ಹೋಯಿತು ಅಂದುಕೊಂಡಿದ್ದರು. ಒಬ್ಬರು ಸುಮ್ನೆ “ಹೋಗಲಿ ಬಿಡು” ಅಂದರು. ಆ ಮಾತು ನನ್ನನ್ನು ಜಾಸ್ತಿ ಚುಚ್ಚಿತು.

ನಿಮ್ಮ ಸಿಬ್ಬಂದಿ ಕೊಟ್ಟ ಉತ್ತರ ಎರಡೇ ಸಾಲು: ಟಿಪ್ ಐಚ್ಛಿಕ, ದಾನಿಗಳು ಒಪ್ಪಿಯೇ ಕೊಟ್ಟಿದ್ದಾರೆ. ಗೊತ್ತೇ ಇಲ್ಲದ್ದನ್ನು ಒಪ್ಪುವುದು ಹೇಗೆ?

ತಾಣ ನಡೆಸಲು ಖರ್ಚಿದೆ, ಕಾರ್ಡ್ ವ್ಯವಹಾರಕ್ಕೂ ಶುಲ್ಕ ತಗಲುತ್ತದೆ. ಅದು ನನಗೆ ಗೊತ್ತು. ಅದನ್ನು ಎದುರಿಗೇ ಕೇಳಿ, ಕೊಡುವವರು ಕೊಡುತ್ತಾರೆ. ಆದರೆ ಜನ ಹಣ ಹಾಕಿದ್ದು ನಿಮ್ಮನ್ನು ನೋಡಿ ಅಲ್ಲ, ನನ್ನ ಮುಖ ನೋಡಿ. ನಾಳೆ ಇನ್ನೊಬ್ಬರು ಸೈಕಲ್ ತುಳಿದೋ ಬೆಟ್ಟ ಹತ್ತಿಯೋ ಸಹಾಯ ಕೇಳಿದರೆ ಇವರು ಅನುಮಾನದಿಂದ ನೋಡುತ್ತಾರೆ, ಅಲ್ವಾ?

ನಾನು ಇದಕ್ಕೆ ಇಳಿದಿದ್ದು ಟೆರ್ರಿ ಫಾಕ್ಸ್ ಬಗ್ಗೆ ಓದಿ. ಕ್ಯಾನ್ಸರ್‌ನಿಂದ ಒಂದು ಕಾಲು ಕಳೆದುಕೊಂಡ ಆ ಹುಡುಗ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿಲೋಮೀಟರ್ ಕೆನಡಾದಲ್ಲಿ ಓಡಿದ. ತನ್ನ ಓಟದಿಂದ ಕಂಪನಿಗಳು ಲಾಭ ಮಾಡಿಕೊಳ್ಳಬಾರದು ಅನ್ನುವುದರಲ್ಲಿ ಗಟ್ಟಿಯಾಗಿದ್ದ. ಕ್ಯಾನ್ಸರ್ ಮತ್ತೆ ಕಾಣಿಸಿಕೊಂಡು ಓಟ ಅರ್ಧಕ್ಕೇ ನಿಂತಿತು, ಮುಂದಿನ ವರ್ಷ ತೀರಿಕೊಂಡ. ಇಂಥ ಕೆಲಸದಲ್ಲಿ ಹಣ ಎಷ್ಟು ಜೋಪಾನವಾಗಿ ಹೋಗಬೇಕು ಅಂತ ನಾನು ಕಲಿತಿದ್ದು ಅವನಿಂದ.

ನನ್ನ ಪುಟದ 63 ದಾನಿಗಳಿಗೂ ನೀವೇ ಪತ್ರ ಬರೆದು, ಟಿಪ್ ಎಷ್ಟು ಕಡಿತವಾಗಿದೆ ಎಂದು ತಿಳಿಸಬೇಕು. ವಾಪಸ್ ಬೇಕೆಂದವರಿಗೆ ಪೂರ್ತಿ ಮರಳಿಸಬೇಕು. ಇನ್ನು ಮುಂದೆ ಟಿಪ್ ಸೊನ್ನೆಯಿಂದ ಶುರುವಾಗಲಿ. ಸಂಸ್ಥೆಗೆ ಸೇರಬೇಕಾದ ಹಣ ಇನ್ನೂ ಸೇರಿಲ್ಲ, ಅದರ ದಿನಾಂಕವನ್ನೂ ತಿಳಿಸಿ.

15 ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ರಸೀದಿಗಳು, ಪರದೆಯ ಚಿತ್ರಗಳು, ನಿಮ್ಮ ಸಿಬ್ಬಂದಿಯ ಉತ್ತರ ಇದರ ಜೊತೆಗಿವೆ. ಆ ಅಮ್ಮನಿಗೆ ವಿಚಾರಿಸಿ ಹೇಳುತ್ತೇನೆ ಎಂದಿದ್ದೇನೆ, ಅವರು ಕಾಯುತ್ತಿದ್ದಾರೆ.

ಇತಿ,
ನಿಮ್ಮ ತಾಣದಲ್ಲಿ ಪುಟ ತೆರೆದ ಓಟಗಾರ್ತಿ