ಗಣಿತ ಓದಲು ಹೊರಟ ಸೋದರ ಸೊಸೆಗೆ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಪಿಯುಸಿ ಮುಗಿದ ಮೇಲೆ ಗಣಿತವನ್ನೇ ಓದಬೇಕು ಅಂತ ಆಸೆ, ಆದರೆ ಓದಿ ಏನಾಗ್ತೀನಿ ಅಂತ ಯಾರಾದರೂ ಕೇಳಿದರೆ ಬಾಯಿಗೆ ಉತ್ತರ ಬರಲ್ಲ ಅಂತ ಬರೆದಿದ್ದೀಯ. ನಿಮ್ಮಪ್ಪನೂ ಫೋನ್ ಮಾಡಿದ್ದ. "ಅಕ್ಕಾ, ಸಿಇಟಿ ಬರೆದರೆ ಯಾವುದಾದರೂ ಎಂಜಿನಿಯರಿಂಗ್ ಸೀಟು ಸಿಕ್ಕೇ ಸಿಗುತ್ತೆ. ಅದನ್ನು ಬಿಟ್ಟು ಬಿ.ಎಸ್ಸಿ. ಅಂತಾಳಲ್ಲ" ಅಂದ. ಅವನ ಆತಂಕ ನನಗೆ ಅರ್ಥವಾಗುತ್ತದೆ. ಅವನನ್ನು ಹಳೇ ಕಾಲದವನು ಅಂತ ನೀನು ತಳ್ಳಿಹಾಕಬೇಡ. ಮಗಳು ತನ್ನ ಕಾಲ ಮೇಲೆ ನಿಲ್ಲಬೇಕು ಅನ್ನೋದಷ್ಟೇ ಅವನ ಮಾತಿನ ಹಿಂದಿರುವುದು.

ಎಂಜಿನಿಯರಿಂಗ್ ಓದಿದವರಿಗೆ ಹೆಸರಿರುವ ಒಂದು ಕೆಲಸ ಇರುತ್ತದೆ. ಗಣಿತದ ಪದವಿಗೆ ಅಂಥ ಹೆಸರಿಲ್ಲ. ಇದನ್ನು ಮೊದಲೇ ತಿಳಿದುಕೋ. ಗಣಿತ ಕೊಡುವುದು ಒಂದು ಬುದ್ಧಿಯ ಅಭ್ಯಾಸವನ್ನು: ಕಾರಣ ಕೈಗೆ ಸಿಗುವವರೆಗೂ ಒಂದು ಮಾತನ್ನು ನಂಬದಿರುವುದು. ಆ ಅಭ್ಯಾಸಕ್ಕೆ ಬೆಲೆ ಕೊಡುವ ಕೆಲಸಗಳು ಬೇಕಾದಷ್ಟಿವೆ. ಆದರೆ ಅಭ್ಯಾಸ ನಿಜವಾಗಿ ಬಂದಿರಬೇಕು. ಅಂಕಪಟ್ಟಿಯಲ್ಲಿ ಬಂದರೆ ಸಾಲದು.

ಒಂದು ಉದಾಹರಣೆ ಕೊಡ್ತೀನಿ, ಪೆನ್ನು ಹಿಡಿದೇ ಓದು. 1 + 1/2 + 1/3 + 1/4 ಅಂತ ಕೂಡುತ್ತಾ ಹೋಗು. ಪ್ರತಿ ಸಲ ಸೇರಿಸುವ ತುಣುಕು ಸಣ್ಣದಾಗುತ್ತಾ ಹೋಗುತ್ತದೆ. ಈ ಮೊತ್ತ ಎಲ್ಲಾದರೂ ಒಂದು ಕಡೆ ನಿಲ್ಲುತ್ತದೆಯೇ, ಇಲ್ಲ ಬೆಳೆಯುತ್ತಲೇ ಹೋಗುತ್ತದೆಯೇ? ನೀನು ಕಂಪ್ಯೂಟರ್ ಸೈನ್ಸ್ ಓದುತ್ತಿರುವವಳು, ನಾಲ್ಕು ಸಾಲಿನ ಪ್ರೋಗ್ರಾಂ ಬರೆದು ನೋಡಬಹುದು. ಹತ್ತು ಲಕ್ಷ ಪದ ಕೂಡಿದರೆ ಮೊತ್ತ 14.4 ಕೂಡ ದಾಟುವುದಿಲ್ಲ. ನೂರು ಕೋಟಿ ಪದ ಕೂಡಿದರೂ 22 ಮುಟ್ಟುವುದಿಲ್ಲ. ಪರದೆ ನೋಡುತ್ತಾ ಕೂತವರು ಯಾರಾದರೂ "ಇದು ನಿಂತೇಬಿಟ್ಟಿತು" ಅಂತಲೇ ಹೇಳುತ್ತಾರೆ.

ಈಗ ಪದಗಳನ್ನು ಗುಂಪು ಮಾಡು. 1/3, 1/4 ಇವೆರಡೂ 1/4ಕ್ಕಿಂತ ಕಡಿಮೆ ಇಲ್ಲ, ಹಾಗಾಗಿ ಎರಡೂ ಸೇರಿದರೆ ಅರ್ಧಕ್ಕಿಂತ ಕಡಿಮೆ ಆಗಲಾರದು. ಮುಂದಿನ ನಾಲ್ಕು, ಅಂದರೆ 1/5ರಿಂದ 1/8ರವರೆಗೆ, ಯಾವುದೂ 1/8ಕ್ಕಿಂತ ಕಡಿಮೆ ಇಲ್ಲ. ಅಲ್ಲೂ ಕನಿಷ್ಠ ಅರ್ಧ. ಅದರ ಮುಂದಿನ ಎಂಟರಲ್ಲಿ ಇನ್ನೊಂದು ಅರ್ಧ. ಹೀಗೆ ಅರ್ಧಗಳು ಸಿಗುತ್ತಲೇ ಇರುತ್ತವೆ, ಮುಗಿಯುವುದೇ ಇಲ್ಲ. ನೀನು ಎಷ್ಟೇ ದೊಡ್ಡ ಸಂಖ್ಯೆ ಹೇಳು, ಮೊತ್ತ ಒಂದಲ್ಲ ಒಂದು ದಿನ ಅದನ್ನು ದಾಟುತ್ತದೆ. ಹದಿನಾಲ್ಕನೇ ಶತಮಾನದಲ್ಲಿ ಫ್ರಾನ್ಸಿನ ನಿಕೋಲ್ ಒರೆಮ್ ಕಂಡುಕೊಂಡ ವಾದ ಇದು. ಕಂಪ್ಯೂಟರ್ ನೂರು ಕೋಟಿ ಪದ ಕೂಡಿಯೂ ಹೇಳಲಾಗದ್ದನ್ನು ಮೂರು ಸಾಲು ಹೇಳಿತು. ಇದನ್ನು ಓದುವಾಗ ನಿನಗೆ ಮೈ ಜುಮ್ಮೆಂದರೆ ಗಣಿತ ತಗೋ. ಲೆಕ್ಕ ಬೇಗ ಮಾಡ್ತೀನಿ, ನೂರಕ್ಕೆ ನೂರು ಬರುತ್ತೆ ಅನ್ನುವ ಕಾರಣಕ್ಕೆ ಮಾತ್ರ ತಗೊಳ್ಳುವುದಾದರೆ ಇನ್ನೊಮ್ಮೆ ಯೋಚಿಸು, ಏಕೆಂದರೆ ಪದವಿಯ ಮೊದಲ ವರ್ಷದಲ್ಲೇ ಲೆಕ್ಕ ಹಿಂದೆ ಸರಿದು ಸಾಧನೆ, ಅಂದರೆ ಪ್ರೂಫ್, ಮುಂದೆ ಬರುತ್ತದೆ. ಪಿಯುಸಿಯಲ್ಲಿ ಡೆರಿವೇಟಿವ್ ಕಂಡುಹಿಡಿ ಅಂತಾರೆ. ಪದವಿಯಲ್ಲಿ, ಡೆರಿವೇಟಿವ್ ಇದೆ ಅಂತಲೇ ನಿನಗೆ ಹೇಗೆ ಗೊತ್ತು, ತೋರಿಸು ಅಂತಾರೆ. ಬುದ್ಧಿವಂತ ಮಕ್ಕಳೇ ಆ ಮೊದಲ ಸೆಮಿಸ್ಟರಿನಲ್ಲಿ ಕಂಗೆಡುವುದನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ನೋಡಿದ್ದೇನೆ.

ಎಂಜಿನಿಯರಿಂಗಿನಲ್ಲೂ ಗಣಿತ ಇದೆಯಲ್ಲ ಅಂತ ನಿಮ್ಮಪ್ಪ ಕೇಳಬಹುದು. ಇದೆ. ಅಲ್ಲಿ ಗಣಿತ ಉಪಕರಣ, ವಿಧಾನ ಕಲಿಸಿ ಮುಂದೆ ಹೋಗುತ್ತಾರೆ. ಯಂತ್ರ ಕಟ್ಟುವುದು, ಸರ್ಕ್ಯೂಟ್ ಜೋಡಿಸುವುದು ನಿನಗೆ ಖುಷಿ ಕೊಡುವುದಾದರೆ ಧಾರಾಳವಾಗಿ ಹೋಗು, ಅದು ಒಳ್ಳೆಯ ವಿದ್ಯೆ. ಗಣಿತವೇ ಬೇಕು, ಜೊತೆಗೆ ಕಂಪ್ಯೂಟರೂ ಬೇಕು ಅಂದರೆ ಐಐಎಸ್‌ಸಿಯಲ್ಲಿ 2022ರಿಂದ ಗಣಿತ ಮತ್ತು ಕಂಪ್ಯೂಟಿಂಗ್‌ನ ಬಿ.ಟೆಕ್. ಇದೆ. ಅದಕ್ಕೆ ಜೆಇಇ ಅಡ್ವಾನ್ಸ್‌ಡ್ ದಾಟಬೇಕು.

ಇನ್ನು ಎಲ್ಲಿ ಓದುವುದು. ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಬಿ.ಮ್ಯಾಥ್. ಅನ್ನುವ ಗಣಿತದ ಪದವಿ ಇದೆ. 1931ರಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಕಲ್ಕತ್ತೆಯಲ್ಲಿ ಕಟ್ಟಿದ ಸಂಸ್ಥೆ ಅದು, ಚೆನ್ನಾಗಿ ಓದುವವರಿಗೆ ತಿಂಗಳಿಗಿಷ್ಟು ಅಂತ ಸ್ಟೈಪೆಂಡ್ ಕೊಡುವ ಪದ್ಧತಿಯೂ ಇದೆ. ಚೆನ್ನೈ ಹತ್ತಿರ ಸಿರುಸೇರಿಯಲ್ಲಿ ಗಣಿತಜ್ಞ ಸಿ.ಎಸ್. ಶೇಷಾದ್ರಿಯವರು ಕಟ್ಟಿದ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್ ಇದೆ, ಅಲ್ಲಿ ಗಣಿತ ಮತ್ತು ಕಂಪ್ಯೂಟರ್ ಸೈನ್ಸನ್ನು ಒಟ್ಟಿಗೆ ಓದಬಹುದು. ಇವೆರಡಕ್ಕೂ ಬೇರೆ ಬೇರೆ ಪ್ರವೇಶ ಪರೀಕ್ಷೆ. ಸಾಮಾನ್ಯವಾಗಿ ಮೇ ತಿಂಗಳಲ್ಲಿ ನಡೆಯುತ್ತದೆ, ಅರ್ಜಿ ಮಾತ್ರ ಬೋರ್ಡ್ ಪರೀಕ್ಷೆಯ ಗಲಾಟೆಯಲ್ಲೇ ಬಂದು ಹೋಗಿಬಿಡುತ್ತದೆ, ಆದ್ದರಿಂದ ಈಗಲೇ ಕಣ್ಣಿಟ್ಟಿರು. ಕೋಚಿಂಗಿನ ಶಾರ್ಟ್‌ಕಟ್ ಅಲ್ಲಿ ನಡೆಯುವುದಿಲ್ಲ. ಉತ್ತರ ಗುರುತು ಹಾಕುವ ಭಾಗದ ಜೊತೆಗೆ, ಕಾರಣ ಸಮೇತ ಬಿಡಿಸಿ ಬರೆಯುವ ಭಾಗವೂ ಇರುತ್ತದೆ. ಸಿಗದಿದ್ದರೂ ಆ ಹಳೇ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವುದರಿಂದಲೇ ನಿನಗೆ ಅರ್ಧ ಗಣಿತ ಬಂದಿರುತ್ತದೆ.

ಸೀಟು ಸಿಗಲಿಲ್ಲ ಅಂತ ಇಟ್ಟುಕೋ. ನಮ್ಮ ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜೂ ಗಣಿತ ಕಲಿಯುವ ಜಾಗವೇ. 2024-25ರಿಂದ ನಮ್ಮ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡ. ಅಲ್ಲಿ ಓದುತ್ತಿರುವ ಹುಡುಗಿಯರನ್ನು ಹುಡುಕಿ, ರಿಯಲ್ ಅನಾಲಿಸಿಸ್ (ಲಿಮಿಟ್, ಡೆರಿವೇಟಿವ್ ಇವನ್ನು ಕಾರಣ ಸಮೇತ ಕಲಿಸುವ ವಿಷಯ) ಪಾಠ ಯಾರು ಮಾಡ್ತಾರೆ, ಪ್ರಶ್ನೆ ಕೇಳಿದರೆ ಸಿಟ್ಟಾಗ್ತಾರಾ, ಲೈಬ್ರರಿಯಲ್ಲಿ ಗೈಡು ಬಿಟ್ಟು ಬೇರೆ ಪುಸ್ತಕ ಇದೆಯಾ ಅಂತ ಕೇಳು. ಗಣಿತದ ಜೊತೆ ಸಂಖ್ಯಾಶಾಸ್ತ್ರ, ಕಂಪ್ಯೂಟರ್ ಸೈನ್ಸ್ ಇರುವ ಕಾಂಬಿನೇಷನ್ ಸಿಕ್ಕರೆ ಕಣ್ಣುಮುಚ್ಚಿ ತಗೋ.

ಒಂದು ಮಾತು ಕಟುವಾಗಿಯೇ ಹೇಳ್ತೀನಿ. ನಮ್ಮ ವಿಶ್ವವಿದ್ಯಾಲಯಗಳ ಪರೀಕ್ಷೆಯನ್ನು ಉರು ಹೊಡೆದು ಪಾಸು ಮಾಡಬಹುದು. ಐದು ವರ್ಷದ ಪ್ರಶ್ನೆಪತ್ರಿಕೆ ಹರಡಿಕೊಂಡು, ಹತ್ತು ಪ್ರಮೇಯ ಬಾಯಿಪಾಠ ಮಾಡಿ ಎಂಬತ್ತೈದು ಪರ್ಸೆಂಟ್ ತೆಗೆದವರನ್ನು ನಾನು ಬಲ್ಲೆ. ಆಮೇಲೆ ಎಂ.ಎಸ್ಸಿ. ಪ್ರವೇಶಕ್ಕೆ ಜ್ಯಾಮ್ ಬರೆಯಲು ಕೂತಾಗ ಏನೂ ಕೈಗೆ ಹತ್ತುವುದಿಲ್ಲ, ಇಂಟರ್‌ವ್ಯೂನಲ್ಲಿ ಬಾಯಿ ಕಟ್ಟಿಹೋಗುತ್ತದೆ. ಗಣಿತ ಓದಿಯೂ ಕೆಲಸ ಸಿಗಲಿಲ್ಲ ಅನ್ನುವವರಲ್ಲಿ ಬಹಳ ಮಂದಿ ಹೀಗೆ ಓದಿದವರು. ಕಛೇರಿ ಕೇಳಿ ಕೇಳಿ ಯಾರೂ ಹಾಡುಗಾರರಾಗಲಿಲ್ಲ. ಪ್ರಮೇಯ ಓದು, ಪುಸ್ತಕ ಮುಚ್ಚು, ಖಾಲಿ ಹಾಳೆಯ ಮೇಲೆ ನೀನೇ ಬರೆ. ಎಲ್ಲಿ ಸಿಕ್ಕಿಬಿದ್ದೆ ಅಂತ ಗುರುತು ಹಾಕಿಕೋ. ಆಮೇಲೆ ಪ್ರಮೇಯದ ಒಂದು ಷರತ್ತನ್ನು ತೆಗೆದು ಹಾಕಿ, ಎಲ್ಲಿ ಮುರಿಯುತ್ತೆ ನೋಡು. ಒಂದೇ ಲೆಕ್ಕಕ್ಕೆ ಇಡೀ ಸಂಜೆ ಹೋದರೂ ಹೋಗಲಿ. ನಿನಗೆ ಕನ್ನಡದಲ್ಲಿ ಯೋಚನೆ ಬರುತ್ತದಾದರೆ ಕನ್ನಡದಲ್ಲೇ ಯೋಚಿಸು, ಗೆಳತಿಗೆ ಕನ್ನಡದಲ್ಲೇ ಬಿಡಿಸಿ ಹೇಳು, ಇಂಗ್ಲಿಷಿನಲ್ಲಿ ಬರೆಯುವುದು ಒಂದು ವರ್ಷದಲ್ಲಿ ತಾನಾಗಿ ರೂಢಿಯಾಗುತ್ತದೆ. ಹೈಸ್ಕೂಲಿನವರೆಗೆ ಕನ್ನಡ ಮಾಧ್ಯಮ ಅಂತ ಹಿಂಜರಿಯಬೇಡ.

ಪದವಿ ವಿದ್ಯಾರ್ಥಿಗಳಿಗೆ ಅಂತಲೇ ಎಂಟಿಟಿಎಸ್ ಅನ್ನುವ ಬೇಸಿಗೆ ಶಿಬಿರ 1993ರಿಂದ ನಡೆಯುತ್ತಾ ಬಂದಿದೆ. ಅಲ್ಲಿ ಮೇಷ್ಟ್ರು ಉತ್ತರ ಹೇಳಿಕೊಡುವುದಿಲ್ಲ, ನಿಮ್ಮಿಂದಲೇ ಹೊರಡಿಸುತ್ತಾರೆ. ಮಾಧವ ಗಣಿತ ಸ್ಪರ್ಧೆಯೂ ಇದೆ. ಎರಡಕ್ಕೂ ತಪ್ಪದೆ ಅರ್ಜಿ ಹಾಕು.

ಈಗ ಕೆಲಸದ ವಿಷಯ. ಇದನ್ನು ಅಪ್ಪನಿಗೂ ಓದಿ ಹೇಳು.

ನಿನಗೆ ನಾನು ಮೊದಲು ತೋರಿಸಬೇಕೆಂದಿರುವುದು ಆಕ್ಚುಯರಿ ಕೆಲಸವನ್ನು, ಏಕೆಂದರೆ ನಮ್ಮ ಕಡೆ ಅದರ ಹೆಸರೇ ಗೊತ್ತಿಲ್ಲ. ವಿಮಾ ಕಂಪನಿಯೊಂದು ಮೂವತ್ತು ವರ್ಷದ ಹೆಂಗಸಿಗೆ ಪಾಲಿಸಿ ಕೊಡುವಾಗ ಎಷ್ಟು ಕಂತು ಕಟ್ಟಿಸಿಕೊಳ್ಳಬೇಕು, ಮುಂದೆ ಬರುವ ಕ್ಲೇಮುಗಳಿಗೆ ಇಂದೇ ಎಷ್ಟು ಹಣ ತೆಗೆದಿಡಬೇಕು ಅನ್ನುವುದನ್ನು ಲೆಕ್ಕ ಹಾಕುವವರು ಇವರು. ಸಂಭವನೀಯತೆ, ಬಡ್ಡಿ, ಮರಣದ ಕೋಷ್ಟಕ ಇವೇ ಇವರ ನಿತ್ಯದ ಸಾಮಾನು. ನಮ್ಮ ದೇಶದಲ್ಲಿ ಪ್ರತಿ ವಿಮಾ ಕಂಪನಿಯೂ ಒಬ್ಬ ಆಕ್ಚುಯರಿಯನ್ನು ನೇಮಿಸಿಕೊಂಡೇ ಇರಬೇಕು. ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾದವರು ನಡೆಸುವ ಎಸಿಇಟಿ ಅನ್ನುವ ಪ್ರವೇಶ ಪರೀಕ್ಷೆಯನ್ನು ಪಿಯುಸಿ ಮುಗಿದವರೂ ಬರೆಯಬಹುದು. ಆಮೇಲೆ ಹತ್ತಕ್ಕೂ ಹೆಚ್ಚು ಪತ್ರಿಕೆ ಇರುತ್ತವೆ, ಒಂದೊಂದೂ ಕಷ್ಟ. ಕೆಲಸ ಮಾಡುತ್ತಲೇ ವರ್ಷಗಟ್ಟಲೆ ಬರೆಯುವವರೇ ಹೆಚ್ಚು.

ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಈ ದಾರಿ ಹಿಡಿದಳು. ಇಂಟರ್‌ವ್ಯೂನಲ್ಲಿ ಅವಳ ಮುಂದೆ ಒಂದು ಚೀಟಿ ಇಟ್ಟರಂತೆ: ಒಂದು ಶಾಖೆಯ ಸರಾಸರಿ ಕ್ಲೇಮು 10,000 ರೂಪಾಯಿ, ಇನ್ನೊಂದರದು 50,000, ಒಟ್ಟು ಸರಾಸರಿ 30,000. ಸರಿಯೇ? ಇವಳು ಉತ್ತರ ಹೇಳುವ ಮೊದಲು "ಯಾವ ಶಾಖೆಯಲ್ಲಿ ಎಷ್ಟು ಕ್ಲೇಮು?" ಅಂತ ಕೇಳಿದಳು. ಮೊದಲನೆಯದರಲ್ಲಿ 900, ಎರಡನೆಯದರಲ್ಲಿ 100. ಹಾಗಾದರೆ ನಿಜವಾದ ಸರಾಸರಿ 14,000. ಲೆಕ್ಕ ಏಳನೇ ಕ್ಲಾಸಿನ ಹುಡುಗರೂ ಮಾಡುತ್ತಾರೆ. ಅವಳಿಗೆ ಕೆಲಸ ಕೊಡಿಸಿದ್ದು ಆ ಪ್ರಶ್ನೆ.

ಡೇಟಾ ಅನಾಲಿಸ್ಟ್, ಡೇಟಾ ಸೈಂಟಿಸ್ಟ್ ಅಂತ ನೀನು ದಿನಾ ಕೇಳ್ತೀಯ. ಅದಕ್ಕೆ ಲೀನಿಯರ್ ಆಲ್ಜೀಬ್ರಾ ಮತ್ತು ಸಂಖ್ಯಾಶಾಸ್ತ್ರವೇ ತಳಹದಿ. ಗೂಗಲ್ ಶುರುವಾದಾಗ ಪುಟಗಳಿಗೆ ಕ್ರಮಾಂಕ ಕೊಟ್ಟ ಪೇಜ್‌ರ‍್ಯಾಂಕ್ ಅಂದರೆ ಒಂದು ದೈತ್ಯ ಮ್ಯಾಟ್ರಿಕ್ಸಿನ ಐಗನ್ ವೆಕ್ಟರ್, ಅಂದರೆ ಆ ಮ್ಯಾಟ್ರಿಕ್ಸಿನಿಂದ ಗುಣಿಸಿದರೂ ದಿಕ್ಕು ಬದಲಾಗದ ವೆಕ್ಟರ್. ಆದರೆ ಬರೀ ಬಿ.ಎಸ್ಸಿ. ಅಂಕಪಟ್ಟಿ ಹಿಡಿದು ಹೋದರೆ ಬೆಂಗಳೂರಿನ ಕಂಪನಿಗಳು ಒಳಗೆ ಬಿಡುವುದಿಲ್ಲ. ಪೈಥಾನ್, ಎಸ್‌ಕ್ಯುಎಲ್ ಎರಡನ್ನೂ ಪದವಿಯ ಜೊತೆಜೊತೆಗೇ ಕಲಿ. ಸಾಫ್ಟ್‌ವೇರೇ ಬೇಕೆನಿಸಿದರೆ ಎಂ.ಸಿ.ಎ.ಗೆ ಹೋಗಬಹುದು.

ಸಂಖ್ಯಾಶಾಸ್ತ್ರ ಒಂದು ವಿಷಯವಾಗಿ ಓದಿದ್ದರೆ ಯುಪಿಎಸ್‌ಸಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವೀಸ್ ಪರೀಕ್ಷೆ ಬರೆಯಬಹುದು. ಡಿಆರ್‌ಡಿಒ ವಿಜ್ಞಾನಿಗಳ ನೇಮಕದಲ್ಲಿ ಗಣಿತದವರಿಗೂ ಜಾಗ ಇದೆ, ಅದಕ್ಕೆ ಎಂ.ಎಸ್ಸಿ. ಮುಗಿಸಿ ಗೇಟ್ ಬರೆಯಬೇಕು. ಸಂಕೇತಶಾಸ್ತ್ರಕ್ಕೆ, ಅಂದರೆ ಸಂದೇಶವನ್ನು ಬೇರೆಯವರು ಓದದಂತೆ ಗುಟ್ಟಾಗಿಡುವ ವಿದ್ಯೆಗೆ, ಸಂಖ್ಯಾಸಿದ್ಧಾಂತವೇ ಜೀವ. ಹದಿನೆಂಟನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಏನೂ ಉಪಯೋಗ ನೋಡದೆ ಸಾಧಿಸಿದ ಪ್ರಮೇಯದ ಮೇಲೆ 1977ರಲ್ಲಿ ಸಂದೇಶ ಗುಟ್ಟಾಗಿಡುವ ಆರ್‌ಎಸ್‌ಎ ಪದ್ಧತಿ ಎದ್ದು ನಿಂತಿತು. ಗಣಿತ ಯಾವುದಕ್ಕೆ ಬರುತ್ತದೆ ಅನ್ನುವ ಪ್ರಶ್ನೆ ನಮ್ಮ ನಾಡಿಗೂ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದ ಮೊದಲಿಗೇ ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು ಅಂತ ಗಣಿತ ಬೇಕಾಗುವ ವಿದ್ಯೆಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ.

ಕೊನೆಗೆ ಮೇಷ್ಟರ ಕೆಲಸ. "ಟೀಚರ್ ಆಗೋದು ಬಿಟ್ಟು ಇನ್ನೇನು" ಅನ್ನುವ ಮಾತು ನನಗೆ ನೋವು ಕೊಡುತ್ತದೆ. ಹೈಸ್ಕೂಲಿನಲ್ಲಿ ಒಬ್ಬ ಒಳ್ಳೆಯ ಗಣಿತದ ಟೀಚರ್ ಇಲ್ಲದ ಊರಿನಲ್ಲಿ ಹತ್ತನೇ ಕ್ಲಾಸಿಗೇ ಹೆಣ್ಣುಮಕ್ಕಳ ಓದು ನಿಂತುಹೋಗುವುದನ್ನು ನೋಡಿದ್ದೇನೆ. ಆ ಕೆಲಸಕ್ಕೆ ಬಿ.ಎಸ್ಸಿ. ಮೇಲೆ ಬಿ.ಎಡ್. ಬೇಕು. ಪಿಯು ಕಾಲೇಜಿಗೆ ಎಂ.ಎಸ್ಸಿ. ಜೊತೆ ಬಿ.ಎಡ್., ಡಿಗ್ರಿ ಕಾಲೇಜಿಗೆ ಎಂ.ಎಸ್ಸಿ. ಮೇಲೆ ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ. ಇಲ್ಲಿ ಒಂದು ಎಚ್ಚರಿಕೆ: ಸರ್ಕಾರಿ ನೇಮಕಾತಿ ವರ್ಷಗಟ್ಟಲೆ ಬರುವುದಿಲ್ಲ, ಅಷ್ಟರಲ್ಲಿ ಅತಿಥಿ ಉಪನ್ಯಾಸಕರಾಗಿ ಕಡಿಮೆ ಸಂಬಳಕ್ಕೆ, ಮುಂದಿನ ವರ್ಷದ ಭರವಸೆಯಿಲ್ಲದೆ ದುಡಿಯುವವರು ಎಷ್ಟೋ ಮಂದಿ. ಇಷ್ಟವಿದ್ದರೆ ಟೀಚರಾಗು, ಆದರೆ ಕೈಯಲ್ಲಿ ಇನ್ನೊಂದು ವಿದ್ಯೆ ಇಟ್ಟುಕೊಂಡು ಆಗು. ಸಂಶೋಧನೆಯ ಮಾತು ಎಂ.ಎಸ್ಸಿ. ಹೊತ್ತಿಗೆ ಮಾತಾಡೋಣ. ಯಲಹಂಕದ ಟಿಐಎಫ್‌ಆರ್ ಕೇಂದ್ರ, ಐಐಎಸ್‌ಸಿ ಎರಡೂ ನಮ್ಮ ಹತ್ತಿರದಲ್ಲೇ ಇವೆ.

ಸದ್ಯಕ್ಕೆ ಒಂದು ಕೆಲಸ ಮಾಡು. ಮೇಲೆ ಬರೆದ ಸರಣಿಯಲ್ಲಿ ಪದಗಳ ಜಾಗದಲ್ಲಿ ಅವುಗಳ ವರ್ಗವನ್ನು ಇಡು: 1 + 1/4 + 1/9 + 1/16. ಇದು ನಿಲ್ಲುತ್ತದಾ, ಓಡುತ್ತದಾ? ಫೋನಿನಲ್ಲಿ ಹುಡುಕಬೇಡ. ಮುಂದಿನ ವಾರ ನಾನು ಊರಿಗೆ ಬರ್ತಿದ್ದೀನಿ, ಹಾಳೆ ಸಿದ್ಧವಾಗಿರಲಿ, ತಪ್ಪಾದ ಪ್ರಯತ್ನಗಳನ್ನೂ ಹರಿದು ಹಾಕದೆ ಇಟ್ಟಿರು. ಅಪ್ಪನಿಗೆ ಸಿಇಟಿ ಅರ್ಜಿಯನ್ನೂ ತುಂಬಿಸಲು ಹೇಳು, ಅದು ಕೈಯಲ್ಲಿದ್ದರೆ ನಷ್ಟವೇನಿಲ್ಲ. ಫೀಸು, ಹಾಸ್ಟೆಲ್ ಲೆಕ್ಕ ಮೂವರೂ ಕೂತು ಮಾಡೋಣ.

ಇಂತಿ,
ನಿನ್ನ ಅತ್ತೆ