ಡಾಕ್ಟರ್ ಆಗದೆಯೂ

ವಿಶ್ವವಿದ್ಯಾಲಯ ಸೇರುತ್ತಿರುವ ನಮ್ಮ ಸಂಘದ ಮಕ್ಕಳಲ್ಲಿ, ಜಗತ್ತಿನ ಬಡ ಜನರ ಆರೋಗ್ಯಕ್ಕಾಗಿ ದುಡಿಯಬೇಕೆಂಬ ಮಾತು ಈಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ಹಿರಿಯರಾದ ನಾವಾದರೋ ‘ಹಾಗಾದರೆ ಡಾಕ್ಟರ್ ಆಗುತ್ತೀಯಾ?’ ಎಂದು ಕೇಳಿ ಅಲ್ಲಿಗೇ ಮಾತು ಮುಗಿಸಿಬಿಡುತ್ತೇವೆ. ಈ ಪ್ರಶ್ನೆ ತೀರ ಕಿರಿದಾಯಿತೆಂದು ನನ್ನ ಭಾವನೆ.

1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ರಕ್ತನಾಳಕ್ಕೆ ಏರಿಸುವ ದ್ರವವಾಗಲಿ, ಅದನ್ನು ಏರಿಸಬಲ್ಲ ಸಿಬ್ಬಂದಿಯಾಗಲಿ ಸಾಲುವಷ್ಟಿರಲಿಲ್ಲ. ಆಗ ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಗ್ಲೂಕೋಸ್ ಮತ್ತು ಅಡಿಗೆ ಸೋಡಾ ಕರಗಿಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸುವ ಏರ್ಪಾಡು ಮಾಡಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ಗ್ಲೂಕೋಸ್ ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಚೆನ್ನಾಗಿ ಹೀರಿಕೊಳ್ಳುತ್ತದೆಂಬುದು ವಿಜ್ಞಾನಿಗಳಿಗೆ ಮೊದಲೇ ತಿಳಿದಿತ್ತು. ಆ ತಿಳಿವಳಿಕೆಯನ್ನು ನಂಬಿ, ಚಿಕಿತ್ಸೆಯನ್ನು ರೋಗಿಯ ತಾಯಿಯ ಕೈಗೆ ಒಪ್ಪಿಸಿದ್ದೇ ಅಂದಿನ ಹೊಸತು. ಮಾಡಿದವರು ವೈದ್ಯರೇ ಹೌದು, ಆದರೆ ಅವರು ಬಿಡಿಸಿದ ಕಗ್ಗಂಟು ಸರಬರಾಜಿನದು.

ಲಸಿಕೆಯ ಸೀಸೆಯ ಮೇಲಿರುವ ಪುಟ್ಟ ಗುರುತನ್ನೇ ನೋಡಿ. ಬಣ್ಣದ ವೃತ್ತವೊಂದರ ನಡುವೆ ತಿಳಿಬಣ್ಣದ ಚೌಕವಿರುತ್ತದೆ. ಶಾಖ ತಗುಲಿದಷ್ಟೂ ಚೌಕ ಗಾಢವಾಗುತ್ತ ಹೋಗಿ, ವೃತ್ತದ ಬಣ್ಣಕ್ಕೆ ಸಮನಾಯಿತೆಂದರೆ ಆ ಲಸಿಕೆಯನ್ನು ಹಾಕುವಂತಿಲ್ಲ. 1996ರಲ್ಲಿ ಪೋಲಿಯೊ ಲಸಿಕೆಯೊಂದಿಗೆ ಬಳಕೆಗೆ ಬಂದ ಈ ಗುರುತಿನಿಂದಾಗಿ, ಕರೆಂಟಿಲ್ಲದ ಊರಿನ ಆರೋಗ್ಯ ಕಾರ್ಯಕರ್ತೆಯೂ ಲಸಿಕೆ ಶಾಖಕ್ಕೆ ಕೆಟ್ಟಿದೆಯೇ ಎಂಬುದನ್ನು ಕಣ್ಣಳತೆಯಲ್ಲೇ ತಿಳಿಯಬಲ್ಲಳು. ಇದರ ಹಿಂದಿರುವುದು ರಸಾಯನಶಾಸ್ತ್ರ.

ಆದ್ದರಿಂದ ಎಂಜಿನಿಯರಿಂಗ್, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ಓದುವ ಮಕ್ಕಳ ಈ ಆಸಕ್ತಿಯನ್ನು ಬರಿಯ ಹುಮ್ಮಸ್ಸೆಂದು ತಳ್ಳಿಹಾಕುವುದು ಬೇಡ. ರಜೆಯಲ್ಲಿ ಎರಡು ವಾರ ಯಾವುದೋ ಬಡ ದೇಶಕ್ಕೆ ಹೋಗಿ, ಮಕ್ಕಳೊಂದಿಗೆ ಫೋಟೊ ತೆಗೆಸಿಕೊಂಡು ಮರಳುವ ಪ್ರವಾಸಗಳ ಬಗ್ಗೆ ಮಾತ್ರ ನನಗೆ ಅಷ್ಟೇನೂ ಒಲವಿಲ್ಲ. ಅದೇ ಹಣ ಅಲ್ಲಿನ ದಾದಿಯೊಬ್ಬಳ ತರಬೇತಿಗೆ ಹೆಚ್ಚು ಒದಗೀತು. ಹೋಗಲೇಬೇಕೆನ್ನುವ ವಿದ್ಯಾರ್ಥಿಯನ್ನು ತಂದೆತಾಯಿಯರು ಒಂದಿಷ್ಟು ಕೇಳಲಿ: ಅಲ್ಲಿನವರು ನಿನ್ನನ್ನು ಕರೆದಿದ್ದಾರೆಯೇ? ಅವರ ಭಾಷೆ ಕಲಿಯುವಷ್ಟು ಕಾಲ ಅಲ್ಲಿರುತ್ತೀಯಾ? ನೀನು ಒಯ್ಯುವ ಯಂತ್ರ ಕೆಟ್ಟರೆ ಅದರ ಬಿಡಿಭಾಗ ಎಲ್ಲಿ ಸಿಗುತ್ತದೆ, ಅದನ್ನು ರಿಪೇರಿ ಮಾಡುವವರು ಯಾರು?