ಕನ್ನಡಕ್ಕೂ ಅಂಕ ಉಂಟು

ದೀಪಾವಳಿ ಕಾರ್ಯಕ್ರಮ ಮುಗಿದು ಕುರ್ಚಿ ಮಡಿಸುತ್ತಿದ್ದೆವು. ನಮ್ಮ ಕನ್ನಡ ಸಂಘದ ಹಳೆಯ ಸದಸ್ಯೆಯೊಬ್ಬರು ಹತ್ತಿರ ಬಂದು, ಆಚೀಚೆ ನೋಡಿ, ಮೆಲ್ಲಗೆ ಫೋನ್ ತೋರಿಸಿದರು. ಮಗಳ ಗ್ರೇಡ್ ಪಟ್ಟಿ. ಜಿಪಿಎ, ಅಂದರೆ ನಾಲ್ಕಕ್ಕೆ ಲೆಕ್ಕ ಹಾಕುವ ಗ್ರೇಡುಗಳ ಸರಾಸರಿ, 2.6. ಕೆಮಿಸ್ಟ್ರಿ ಎದುರು ಡಿ. "ನರ್ಸಿಂಗ್ ಓದ್ತೀನಿ ಅಂತಾಳೆ ಸಾರ್. ಇದನ್ನ ಇಟ್ಕೊಂಡು ಯಾರು ಸೀಟು ಕೊಡ್ತಾರೆ?"

ಆಚೀಚೆ ನೋಡಿದ್ದೇ ನನಗೆ ಬೇಜಾರಾಯಿತು. ಮಕ್ಕಳ ಮಾರ್ಕ್ಸು ನಮ್ಮಲ್ಲಿ ಗುಟ್ಟಿನ ರೋಗ ಇದ್ದ ಹಾಗೆ. ನರ್ಸಿಂಗ್ ಅಂದರೆ ಡಾಕ್ಟರ್ ಸೀಟು ಸಿಗದವರ ದಾರಿ ಅನ್ನೋ ಮಾತೂ ಇನ್ನೂ ಹೋಗಿಲ್ಲ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿದವರು ಹಾಗೆ ಹೇಳುವುದಿಲ್ಲ, ಅಲ್ವಾ?

ಇರಲಿ. ಕ್ಯಾಲಿಫೋರ್ನಿಯಾದಲ್ಲಿ ಇರುವ ನಾವು ತಿಳಿದಿರಬೇಕಾದ್ದು ಇಷ್ಟು. ನಾಲ್ಕು ವರ್ಷದ ನರ್ಸಿಂಗ್ ಪದವಿ ಬಿಎಸ್‌ಎನ್ ಒಂದೇ ಬಾಗಿಲಲ್ಲ. ಎರಡು ವರ್ಷದ ಸರ್ಕಾರಿ ಕಾಲೇಜುಗಳಾದ ಕಮ್ಯುನಿಟಿ ಕಾಲೇಜುಗಳಲ್ಲಿ ಚಿಕ್ಕ ನರ್ಸಿಂಗ್ ಪದವಿ ಎಡಿಎನ್ ಮುಗಿಸಿದವರೂ ಅದೇ ಎನ್‌ಕ್ಲೆಕ್ಸ್ ಪರೀಕ್ಷೆ ಬರೆದು ಅದೇ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್ ಪಡೆಯುತ್ತಾರೆ. ಬಿಎಸ್‌ಎನ್ ಆಮೇಲೆ ಕೆಲಸ ಮಾಡುತ್ತಲೇ ಓದಬಹುದು. ಎಡಿಎನ್‌ಗೂ ನೂಕುನುಗ್ಗಲು ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಅಲ್ಲಿ ಹೆಚ್ಚಾಗಿ ನೋಡುವುದು ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ. ಆ ಹುಡುಗಿ ಇವನ್ನಿನ್ನೂ ಮುಟ್ಟಿಯೇ ಇಲ್ಲ! ಹಳೆಯ ಡಿ ನೆನೆದು ಅಳುವ ಬದಲು ಮೂರನ್ನೂ ಒಂದೇ ಸೆಮಿಸ್ಟರಿಗೆ ತುರುಕದೆ ಒಂದೊಂದಾಗಿ ಓದಲಿ.

ಇಲ್ಲೊಂದು ವಿಚಿತ್ರ ಇದೆ. ಕಮ್ಯುನಿಟಿ ಕಾಲೇಜಿನಲ್ಲಿ ಡಿ ಬಂದರೆ ಆ ಕೋರ್ಸನ್ನು ಮತ್ತೆ ತೆಗೆದುಕೊಳ್ಳಬಹುದು. ಸಿ ಬಂದರೆ ಸಾಮಾನ್ಯವಾಗಿ ಬಿಡುವುದಿಲ್ಲ, ಪಾಸಾಗಿದೆಯಲ್ಲ ಅಂತ. ನರ್ಸಿಂಗ್‌ಗೆ ನಿಜವಾದ ತಲೆನೋವು ಡಿ ಅಲ್ಲ, ಸಿ. ಅದಕ್ಕೇ ಸಿ ಬರುವ ಹಾಗೆ ಕಂಡರೆ ಸೆಮಿಸ್ಟರ್ ನಡುವೆಯೇ, ಕೋರ್ಸ್ ಬಿಡುವ ಕೊನೆಯ ದಿನಕ್ಕೆ ಮುಂಚೆ, ಕೌನ್ಸೆಲರ್ ಹತ್ತಿರ ಹೋಗಿ ಕೂರಬೇಕು.

ನರ್ಸಿಂಗ್ ಪ್ರವೇಶಕ್ಕೆ ಬರೆಯುವ ಟೀಸ್ (TEAS) ಪರೀಕ್ಷೆಯದ್ದು ಇನ್ನೊಂದು ಭಯ. 170 ಪ್ರಶ್ನೆ, 209 ನಿಮಿಷ. ಓದು, ಗಣಿತ, ಇಂಗ್ಲಿಷ್ ಹೇಗೋ ದಾಟುತ್ತವೆ. ಕಾಲು ಜಾರುವುದು ವಿಜ್ಞಾನದ 50 ಪ್ರಶ್ನೆಗಳಲ್ಲಿ. ಅದರಲ್ಲೂ ಜಾಸ್ತಿ ಬರುವುದು ದೇಹರಚನೆಯೇ. ಅನಾಟಮಿ, ಫಿಸಿಯಾಲಜಿ ಮುಗಿಸಿ ಬರೆದರೆ ಅರ್ಧ ಭಾರ ಇಳಿದ ಹಾಗೆ.

ಬಿಡುವಿರುವಾಗ ನರ್ಸುಗಳ ಸಹಾಯಕರ ತರಬೇತಿ ಸಿಎನ್‌ಎ ಮಾಡಿಕೊಳ್ಳಬಹುದು. ನಮ್ಮ ರಾಜ್ಯದಲ್ಲಿ 160 ಗಂಟೆ ತರಬೇತಿ, ಅದರಲ್ಲಿ 100 ಗಂಟೆ ರೋಗಿಗಳ ಪಕ್ಕದಲ್ಲೇ. ಹಾಸಿಗೆ ಬದಲಿಸುವುದು, ಮಗ್ಗುಲು ತಿರುಗಿಸುವುದು, ಊಟ ಮಾಡಿಸುವುದು. ಇದು ತನಗೆ ಆಗುತ್ತದೋ ಇಲ್ಲವೋ ಅನ್ನುವುದು ಒಂದು ವಾರದಲ್ಲಿ ಗೊತ್ತಾಗುತ್ತದೆ.

"ಗ್ರೇಡ್ ಬೇಡ, ದುಡ್ಡು ಕಟ್ಟಿ ಸಾಕು" ಅನ್ನುವವರಿಂದ ಮಾತ್ರ ದೂರ ಇರಿ. 2023ರ ಜನವರಿಯಲ್ಲಿ ಫ್ಲಾರಿಡಾದ ಮೂರು ನರ್ಸಿಂಗ್ ಶಾಲೆಗಳ ಹೆಸರಿನಲ್ಲಿ 7,600ಕ್ಕೂ ಹೆಚ್ಚು ನಕಲಿ ಸರ್ಟಿಫಿಕೇಟ್ ಮಾರಿದ ಜಾಲ ಬಯಲಾಯಿತು. ಯಾವ ಕಾಲೇಜಿನವರು ಎನ್‌ಕ್ಲೆಕ್ಸ್‌ನಲ್ಲಿ ಎಷ್ಟು ಜನ ಪಾಸಾದರು ಅಂತ ರಾಜ್ಯದ ನರ್ಸಿಂಗ್ ಬೋರ್ಡ್ ವರ್ಷವರ್ಷ ಪ್ರಕಟಿಸುತ್ತದೆ. ಫೀಸು ಕಟ್ಟುವ ಮೊದಲು ಅದನ್ನು ನೋಡಿ.

ಈಗ ನಾನು ಹೇಳಬೇಕು ಅಂತಲೇ ಕೂತ ಮಾತು. ನಮ್ಮ ಎಷ್ಟೋ ಕಮ್ಯುನಿಟಿ ಕಾಲೇಜುಗಳು ಬರೀ ಜಿಪಿಎ ನೋಡುವುದಿಲ್ಲ, ಬೇರೆ ಸಂಗತಿಗಳಿಗೂ ಅಂಕ ಕೊಟ್ಟು ಸೀಟು ಹಂಚುತ್ತವೆ. ಆಸ್ಪತ್ರೆಯಲ್ಲಿ ದುಡಿದ ಅನುಭವಕ್ಕೆ ಅಂಕ. ಮನೆಯ ಕಷ್ಟಕ್ಕೆ ಅಂಕ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಂದರೂ ಅಂಕ. ಆ ಭಾಷೆಗಳ ಸಾಲಿನಲ್ಲಿ ಸ್ಪ್ಯಾನಿಷ್, ಚೈನೀಸ್ ಜೊತೆ ಭಾರತ ಉಪಖಂಡದ ಭಾಷೆಗಳೂ ಇವೆ. ಅಂದರೆ ಕನ್ನಡವೂ.

ಇದನ್ನು ಹೇಳಿದಾಗ ಆ ತಾಯಿ ಕೈಲಿದ್ದ ಕುರ್ಚಿ ಕೆಳಗಿಟ್ಟರು. "ಅಯ್ಯೋ, ಎಂಟು ವರ್ಷ ಭಾನುವಾರದ ಕನ್ನಡ ಕ್ಲಾಸಿಗೆ ಅಳುತ್ತಾ ಬಂದಿದ್ಲಲ್ಲಾ ಸಾರ್!"

ಪುರಾವೆ ಯಾವ ರೂಪದಲ್ಲಿ ಬೇಕು ಅನ್ನುವುದು ಒಂದೊಂದು ಕಾಲೇಜಿನಲ್ಲಿ ಒಂದೊಂದು ಥರ, ಅಲ್ಲೇ ಕೇಳಬೇಕು. ನಮ್ಮ ಕಡೆಯಿಂದ ಕೊಡಬಹುದಾದ್ದು ಹಾಜರಿಯ ದಾಖಲೆ. ಆದರೆ ಕನ್ನಡ ತರಗತಿಯ ಹಳೆಯ ಹಾಜರಿ ಪುಸ್ತಕಗಳು ಈಗ ಸಂಘದ ಕಪಾಟಿನಲ್ಲಿಲ್ಲ. ಯಾರ ಗ್ಯಾರೇಜಿನಲ್ಲಿ ಇವೆಯೋ, ದಯವಿಟ್ಟು ಯುಗಾದಿ ಕಾರ್ಯಕ್ರಮಕ್ಕೆ ಬರುವಾಗ ತಂದುಕೊಡಿ.